ಮೀಟರ್ ಬೋರ್ಡಿನ ಹಳದಿ ದೀಪ

ಯಾರಾದರೂ ನನ್ನೆದುರು ‘ಲೇಡೀಸ್ ಓಡಿಸಿದ ಗಾಡಿ’ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೇಳುವವರು ನಗುತ್ತಲೇ ಹೇಳುತ್ತಾರೆ. ನಾನೂ ಒಂದಿಷ್ಟು ನಗಲಿ ಎಂದು ಮುಖ ನೋಡುತ್ತಾರೆ. ನಾನು ನಗುವುದಿಲ್ಲ. ಎದ್ದು ಹೋಗುತ್ತೇನೆ, ಇಲ್ಲವಾದರೆ ಜಗಳಕ್ಕೆ ನಿಲ್ಲುತ್ತೇನೆ. ಇಷ್ಟು ಸಣ್ಣ ಮಾತಿಗೆ ಇಷ್ಟೊಂದು ಸಿಟ್ಟೇ ಎಂದು ಕೇಳಿದವರಿಗೆ ಹೇಳಲು ನನ್ನ ಹತ್ತಿರ ಒಂದು ಕಾರಿನ ಕತೆ ಇದೆ. ಆದರೆ ಹೇಳಹೊರಟರೆ ಅರ್ಧದಲ್ಲೇ ದನಿ ಏರಿ, ಕೇಳುವವರು ನೀರು ಕುಡಿಯಿರಿ ಎನ್ನುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಎರಡು ಸಾವಿರದ ದಶಕ ಮುಗಿಯುತ್ತ ಬಂದಿದ್ದ ಕಾಲ. ನಾವು ಭದ್ರಾವತಿಯ ಜನ್ನಾಪುರದಲ್ಲಿದ್ದೆವು, ನಾನು, ನನ್ನ ಗಂಡ, ಮಾವ. ಅತ್ತೆ ನಾನು ಆ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ನನ್ನ ಗಂಡನಿಗೆ ಶಿವಮೊಗ್ಗದ ದಾರಿಯಲ್ಲಿದ್ದ ಒಂದು ಖಾಸಗಿ ಫೌಂಡ್ರಿಯಲ್ಲಿ ಕೆಲಸ. ಕಬ್ಬಿಣ ಕರಗಿಸುವ ಕುಲುಮೆಯ ಪಕ್ಕದ ಕೋಣೆಯಲ್ಲಿ, ಗೋಡೆಯಗಲ ಮೀಟರು, ಸ್ವಿಚ್ಚು, ಬಣ್ಣಬಣ್ಣದ ದೀಪಗಳಿರುವ ಪ್ಯಾನೆಲ್ಲಿನ ಮುಂದೆ ಪಾಳಿಯ ಪ್ರಕಾರ ಕೂರುವುದು. ಮಾವನೂ ಅದೇ ಪ್ಯಾನೆಲ್ಲಿನ ಮುಂದೆ ಕೂತು ನಿವೃತ್ತರಾದವರು. ಮಗನನ್ನು ಅಲ್ಲಿಗೆ ಸೇರಿಸಿ ಕೆಲಸ ಕಲಿಸಿದ್ದೂ ಅವರೇ. ನಾನು ಹೊಳೆಹೊನ್ನೂರಿನ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತಿದ್ದೆ.

ಕಾರು ನಾವು ಕೊಳ್ಳುವಾಗಲೇ ಹಳೆಯದು. ಬಿಳಿ ಬಣ್ಣ, ಸಣ್ಣ ಗಾಡಿ, ಹಿಂದಿನ ಗಾಜಿನ ಮೇಲೆ ಯಾವುದೋ ಮಗುವಿನ ಹೆಸರಿನ ಸ್ಟಿಕರ್ ಅರ್ಧ ಕಿತ್ತಿತ್ತು. ಹಳೇ ಗಾಡಿ ತಗೋಬೇಡ, ಯಾರದೋ ತಲೆನೋವು ನೀನು ಕಟ್ಟಿಕೊಳ್ಳಬೇಡ ಎಂದು ಮಾವ ತಿಂಗಳುಗಟ್ಟಲೆ ಹೇಳಿದ್ದರು. ನನ್ನ ಗಂಡ ಅಪ್ಪನ ಮಾತು ಮೀರಿ ಮಾಡಿದ ಕೆಲಸಗಳನ್ನು ಹುಡುಕಿದರೆ ಅದೊಂದೇ ಸಿಕ್ಕೀತು. ಶಿವಮೊಗ್ಗದ ಒಬ್ಬ ಪರಿಚಯದ ಮೆಕ್ಯಾನಿಕ್ ಮೂಲಕ ತಂದರು. ಒಂದಷ್ಟು ಕಾಲ ಅವರೇ ಓಡಿಸಿದರು. ಆಮೇಲೆ ಅವರಿಗೆ ಫೌಂಡ್ರಿಯ ಬಸ್ಸೇ ಮನೆ ಹತ್ತಿರ ಬರಲು ಶುರುವಾಗಿ ಕಾರು ನಿಂತಲ್ಲೇ ನಿಂತಿತು. ನಾನು ಡ್ರೈವಿಂಗ್ ಕಲಿತು, ಲೈಸೆನ್ಸ್ ಮಾಡಿಸಿ, ಶಾಲೆಗೆ ಅದರಲ್ಲಿ ಹೋಗಲು ಶುರುಮಾಡಿದೆ.

ಅದು ನನಗೆ ಎಂಥ ಸುಖವಾಗಿತ್ತು ಎಂದು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ. ಅದಕ್ಕೆ ಮೊದಲು ಜನ್ನಾಪುರದಿಂದ ಬಸ್ ಸ್ಟ್ಯಾಂಡು, ಅಲ್ಲಿಂದ ಇನ್ನೊಂದು ಬಸ್ಸು. ಕಂಬ ಹಿಡಿದು ನಿಂತು, ಯಾರದೋ ಬುಟ್ಟಿ ಕಾಲಿಗೆ ಒತ್ತಿಸಿಕೊಂಡು ಹೋಗಿ ಮೊದಲ ಪೀರಿಯಡ್ಡಿಗೆ ಏದುಸಿರು ಬಿಡುತ್ತ ನಿಲ್ಲುತ್ತಿದ್ದೆ. ಕಾರು ಕೈಗೆ ಬಂದಮೇಲೆ ಸಂಜೆ ಬರುವಾಗ ದಾರಿ ಬದಿ ನಿಲ್ಲಿಸಿ, ಗಾಜು ಏರಿಸಿಕೊಂಡು, ಹುರಿದ ಕಡಲೆಕಾಯಿ ತಿನ್ನುತ್ತಿದ್ದೆ. ಶಾಲೆಯಲ್ಲಿ ಹೆಡ್‌ಮಾಸ್ಟರು, ಮನೆಯಲ್ಲಿ ಮಾವ. ನಡುವೆ ಅಷ್ಟು ಹೊತ್ತು ನನ್ನನ್ನು ಯಾರೂ ಏನೂ ಕೇಳುತ್ತಿರಲಿಲ್ಲ.

ಸ್ವಲ್ಪ ದಿನಕ್ಕೆ ಕಾರಿನ ತಕರಾರು ಶುರುವಾಯಿತು. ಪೆಟ್ರೋಲ್ ವಿಪರೀತ ಕುಡಿಯುತ್ತಿತ್ತು. ಸೈಲೆನ್ಸರಿನ ಬಾಯಲ್ಲಿ ಬೆರಳಿಟ್ಟರೆ ಕಾಡಿಗೆಯಷ್ಟು ಮಸಿ. ರೈಲ್ವೆ ಗೇಟಿನಲ್ಲಿ ನಿಂತರೆ ಎಂಜಿನ್ ಏರಿ ಇಳಿದು ಗಪ್ಪನೆ ಆರಿಹೋಗುತ್ತಿತ್ತು, ಹಿಂದಿನ ಲಾರಿಯವನು ಹಾರ್ನಿನ ಮೇಲೆ ಕೈಯಿಟ್ಟು ತೆಗೆಯುತ್ತಿರಲಿಲ್ಲ.

ಕಾರಣ ಹುಡುಕುವ ಕಷ್ಟವನ್ನು ಯಾರೂ ತೆಗೆದುಕೊಳ್ಳಲಿಲ್ಲ, ಕಾರಣ ಸ್ಟೀರಿಂಗಿನ ಹಿಂದೆಯೇ ಕೂತಿತ್ತಲ್ಲ. ನಾನು ಕ್ಲಚ್ ಮೇಲೆ ಕಾಲಿಟ್ಟುಕೊಂಡೇ ಓಡಿಸುತ್ತೇನೆ ಎಂದು ಮಾವ ತೀರ್ಮಾನ ಕೊಟ್ಟರು. ಅವರು ಒಂದು ದಿನವೂ ನನ್ನ ಪಕ್ಕ ಕೂತು ಬಂದವರಲ್ಲ. ಗೇಟಿನಿಂದ ಒಳಗೆ ಬರುವ ಸದ್ದಿನಲ್ಲೇ ಗೊತ್ತಾಗುತ್ತದೆ ಎನ್ನುತ್ತಿದ್ದರು. ಎದುರು ಮನೆಯ ನಿವೃತ್ತ ಕಂಡಕ್ಟರು ನಾನು ಗೇರ್ ತಡವಾಗಿ ಹಾಕುತ್ತೇನೆ ಎಂದರು. ಅವರು ಬಸ್ಸಿನಲ್ಲಿ ಟಿಕೆಟ್ ಹರಿದವರು, ಗೇರು ಮುಟ್ಟಿದವರಲ್ಲ. ಊಟಕ್ಕೆ ಕೂತರೆ ಅದೇ ಮಾತು, ನೆಂಟರು ಬಂದರೆ ಅದೇ ಮಾತು. ನನ್ನ ಮಗನ ಕೈಯಲ್ಲಿದ್ದಾಗ ಹೂವಿನ ಥರ ಇತ್ತು ಗಾಡಿ ಎಂದು ಮಾವ ಸಾರು ಸುರಿದುಕೊಳ್ಳುತ್ತ ಹೇಳುತ್ತಿದ್ದರು. ನನ್ನ ಗಂಡ ತಟ್ಟೆ ನೋಡಿಕೊಂಡು ಅನ್ನ ಕಲಸುತ್ತಿದ್ದರು.

ಕ್ಲಚ್ಚಿಗೂ ಮಸಿಗೂ ಏನು ಸಂಬಂಧ ಎಂದು ನಾನು ಒಂದು ಸಲ ಕೇಳಿದೆ. ಉಸಿರಾಡಲು ಗಾಳಿ ಸಾಲದಿದ್ದರೆ ಬೆಂಕಿ ಮಸಿ ಕಾರುತ್ತದೆ ಎಂದು ಎಂಟನೇ ಕ್ಲಾಸಿಗೆ ಬುಡ್ಡಿದೀಪ ಹಚ್ಚಿ ತೋರಿಸುವವಳು ನಾನು. ನಿನ್ನ ಪುಸ್ತಕ ಬೇರೆ, ಗಾಡಿ ಬೇರೆ ಎಂದರು ಮಾವ. ದಿನಾ ಹೇಳಿದರೆ ಸುಳ್ಳೂ ಒಳಗೆ ಇಳಿಯುತ್ತದೆ. ಚಪ್ಪಲಿ ಹಾಕಿಕೊಂಡರೆ ಕ್ಲಚ್ಚಿನ ಅಂದಾಜು ಸಿಗುವುದಿಲ್ಲ ಎಂದು ಮಾವ ಅಂದದ್ದೇ ನೆಪವಾಗಿ ನಾನು ಬರಿಗಾಲಲ್ಲಿ ಓಡಿಸಲು ಶುರುಮಾಡಿದೆ. ಚಪ್ಪಲಿ ಪಕ್ಕದ ಸೀಟಿನ ಕೆಳಗೆ. ಬೇಸಿಗೆಯಲ್ಲಿ ಪೆಡಲ್ ಕಾದು ಅಂಗಾಲು ಚುರುಗುಟ್ಟುತ್ತಿತ್ತು. ಹಾಗೆ ವರ್ಷದ ಮೇಲೆ ಓಡಿಸಿದೆ. ನೆನೆಸಿಕೊಂಡರೆ ಅವರ ಮೇಲಿನದಕ್ಕಿಂತ ಆ ಬರಿಗಾಲಿನ ಮೇಲೆ ನನಗೆ ಹೆಚ್ಚು ಸಿಟ್ಟು ಬರುತ್ತದೆ.

ಆ ವರ್ಷದ ಆಯುಧಪೂಜೆಯ ಒಂದು ವಿಷಯವನ್ನು ಇಲ್ಲೇ ಹೇಳಬೇಕು. ಕಾರು ತೊಳೆದು, ಹೂವು ಕಟ್ಟಿ, ಚಕ್ರಕ್ಕೆ ನಿಂಬೆಹಣ್ಣು ಇಟ್ಟು, ಕರ್ಪೂರ ಹಚ್ಚಲು ಬೆಂಕಿಪೊಟ್ಟಣಕ್ಕೆ ಹುಡುಕಿದೆ. ಕಾರಿನೊಳಗೆ ಸ್ಟೀರಿಂಗಿನ ಪಕ್ಕದ ಡಬ್ಬಿಯಲ್ಲಿ ಒಂದು ಪೊಟ್ಟಣ ಯಾವಾಗಲೂ ಬಿದ್ದಿರುತ್ತಿತ್ತು. ತೆಗೆದು ಅಲ್ಲಾಡಿಸಿದೆ. ಕಡ್ಡಿಗಳ ಸದ್ದಲ್ಲ, ಒಳಗೆ ಏನೋ ಒಂದೇ ಒಂದು ಕುಟುಕುಟು ಎಂದಿತು. ನನ್ನ ಗಂಡ ಅದನ್ನು ನನ್ನ ಕೈಯಿಂದ ತೆಗೆದುಕೊಂಡು, ಇದರಲ್ಲಿ ಕಡ್ಡಿ ಇಲ್ಲ ಎಂದು ಇದ್ದಲ್ಲೇ ಇಟ್ಟು, ಅಡುಗೆಮನೆಯಿಂದ ಬೇರೆ ಪೊಟ್ಟಣ ತಂದುಕೊಟ್ಟರು. ನಾನು ಮರೆತೂಬಿಟ್ಟೆ.

ಕೊನೆಗೆ ಮಾವ ಒಂದು ಗಿರಾಕಿ ಹಿಡಿದರು. ಹೊಳೆಹೊನ್ನೂರಿನ ಅಡಿಕೆ ವ್ಯಾಪಾರಿ, ಮಗಳ ಮನೆಗೆ ಓಡಾಡಲು ಒಂದು ಸಣ್ಣ ಕಾರು ಬೇಕಂತೆ, ಮುಂದಿನ ಭಾನುವಾರ ಬಂದು ನೋಡುತ್ತಾನಂತೆ. ಗಾಡಿ ಪೂರ್ತಿ ಹಾಳಾಗುವ ಮೊದಲು ದಾಟಿಸಿಬಿಡೋಣ ಎಂದರು. ದಾಟಿಸುವುದು ಎಂದರೆ ನಾನು ಮತ್ತೆ ಕಂಬ ಹಿಡಿದು ನಿಲ್ಲುವುದು. ಅಷ್ಟೇ ಅಲ್ಲ, ನನ್ನ ಶಾಲೆಯ ಊರಿನಲ್ಲೇ ಆ ಕಾರು ಓಡಾಡುತ್ತ, ಟೀಚರಮ್ಮ ಓಡಿಸಿ ಹಾಳುಮಾಡಿದ ಗಾಡಿ ಎಂದು ದಿನಾ ನನ್ನೆದುರೇ ಹೋಗುವುದು.

ನಾನು ಅತ್ತೂ ಆಯಿತು, ಕೂಗಾಡಿಯೂ ಆಯಿತು. ಆಗ ನನ್ನ ಗಂಡ ಒಂದು ಉಪಾಯ ಹೇಳಿದರು. ಶಿವಮೊಗ್ಗದ ಡ್ರೈವಿಂಗ್ ಸ್ಕೂಲಿನಲ್ಲಿ ಇನ್ನೊಂದು ಸಲ ಕ್ಲಾಸು ತೆಗೆದುಕೊ, ಈಗ ಸರಿಯಾಗಿ ಕಲಿತಿದ್ದಾಳೆ ಎಂದರೆ ಅಪ್ಪ ಮನಸ್ಸು ಬದಲಾಯಿಸಬಹುದು ಎಂದು. ಬಹಳ ಪ್ರೀತಿಯಿಂದ ಹೇಳಿದರು. ಆ ಪ್ರೀತಿ ಈಗ ನೆನಪಾದರೆ ಗೋಡೆಗೆ ಏನಾದರೂ ಎಸೆಯಬೇಕು ಅನಿಸುತ್ತದೆ. ಆದರೆ ಅವತ್ತು ನಾನು ಹೋದೆ. ಲೈಸೆನ್ಸ್ ಇದ್ದವಳು, ದಿನಾ ಹೊಳೆಹೊನ್ನೂರಿಗೆ ಓಡಿಸುವವಳು, ಶನಿವಾರ ಮಧ್ಯಾಹ್ನ ಶಾಲೆ ಮುಗಿಸಿ ಶಿವಮೊಗ್ಗಕ್ಕೆ ನನ್ನದೇ ಕಾರಿನಲ್ಲಿ ಹೋಗಿ, ಅದನ್ನು ರಸ್ತೆ ಬದಿ ನಿಲ್ಲಿಸಿ, ಎಲ್ ಬೋರ್ಡಿನ ಕಾರಿನಲ್ಲಿ ಕೂತೆ.

ಅದೂ ನಮ್ಮ ಕಾರಿನಂಥದೇ ಕಾರು. ಕೀ ತಿರುಗಿಸಿದೆ. ಮೀಟರ್ ಬೋರ್ಡಿನಲ್ಲಿ ಕೆಂಪು ದೀಪಗಳ ಸಾಲಿನಲ್ಲಿ ಒಂದು ಹಳದಿ ದೀಪ ಹತ್ತಿತು, ಎಂಜಿನ್ ಆಕಾರದ ಚಿತ್ರ. ಅದನ್ನು ನಾನು ಮೊದಲು ನೋಡಿರಲಿಲ್ಲ. ಕಲಿಸುವವನನ್ನು ಕೇಳಿದೆ. ಕೀ ಹಾಕಿದಾಗ ಹತ್ತಬೇಕು, ಸ್ಟಾರ್ಟ್ ಆದಮೇಲೆ ಆರಬೇಕು, ಆರದಿದ್ದರೆ ಎಂಜಿನ್ ಕಡೆ ಏನೋ ತೊಂದರೆ ಇದೆ ಎಂದು ಅರ್ಥ ಎಂದು ಅವನು ಪಾಠ ಒಪ್ಪಿಸಿದ. ನಮ್ಮ ಗಾಡಿಯಲ್ಲಿ ಹತ್ತುವುದೇ ಇಲ್ಲವಲ್ಲ ಎಂದೆ. ಹಾಗಾದರೆ ಬಲ್ಬು ಹೋಗಿರಬೇಕು ಎಂದ. ನಾನು ಇಳಿದು ಹೋಗಿ ನಮ್ಮ ಕಾರಿನ ಕೀ ತಿರುಗಿಸಿ ನೋಡಿದೆ. ಕೆಂಪು ದೀಪಗಳೆಲ್ಲ ಹತ್ತಿದವು. ಹಳದಿ ಇರಬೇಕಾದ ಜಾಗದಲ್ಲಿ ಕತ್ತಲೆ.

ಕ್ಲಾಸು ಬಿಟ್ಟು ಸೀದಾ ಕಾರು ಕೊಡಿಸಿದ್ದ ಮೆಕ್ಯಾನಿಕ್ ಹತ್ತಿರ ಹೋದೆ. ಅವನು ಬಾನೆಟ್ ಎತ್ತಿ, ಒಂದು ಸಣ್ಣ ಮೆಷೀನಿನ ವೈರು ಸಿಕ್ಕಿಸಿ ನೋಡಿ, ಆಕ್ಸಿಜನ್ ಸೆನ್ಸರ್ ಸತ್ತಿದೆ ಎಂದ. ಎಂಜಿನ್ನಿನಿಂದ ಹೊಗೆ ಹೊರಗೆ ಬರುವ ಪೈಪಿನಲ್ಲಿ ಕೂರುವ ಹೆಬ್ಬೆರಳುದ್ದದ ಒಂದು ವಸ್ತು. ಸುಟ್ಟ ಹೊಗೆಯಲ್ಲಿ ಆಮ್ಲಜನಕ ಎಷ್ಟು ಉಳಿದಿದೆ ಎಂದು ಅದು ಹೇಳಬೇಕು, ಅದನ್ನು ಕೇಳಿ ಕಾರಿನ ಕಂಪ್ಯೂಟರು ಪೆಟ್ರೋಲು ಬಿಡಬೇಕು. ಅದು ಸತ್ತರೆ ಪೆಟ್ರೋಲು ಕಣ್ಣುಮುಚ್ಚಿ ಸುರಿಯುತ್ತದೆ. ಮಸಿ, ವಾಸನೆ, ರೈಲ್ವೆ ಗೇಟಿನಲ್ಲಿ ಆರುವುದು, ಎಲ್ಲಕ್ಕೂ ಅದೇ ಕಾರಣ. ಕ್ಲಚ್ಚಿಗೂ ಅದಕ್ಕೂ ಯಾವ ನೆಂಟಸ್ತನವೂ ಇಲ್ಲ.

ನನಗೆ ಖುಷಿಯಿಂದ ಕುಣಿಯಬೇಕು ಅನಿಸಿತು. ಅಷ್ಟರಲ್ಲಿ ಅವನು ಕೈ ಒರೆಸಿಕೊಳ್ಳುತ್ತ ಹೇಳಿದ. “ಸಾರ್‌ಗೆ ನಾನು ಆಗ್ಲೇ ಹೇಳಿದ್ದೆ ಮೇಡಂ. ಲೈಟ್ ಬರ್ತಾ ಐತೆ ಅಂತ ಗಾಡಿ ತಂದಿದ್ರು. ನೀವು ಓಡ್ಸೋಕ್ ಶುರು ಮಾಡೋಕ್ ಮುಂಚೆ. ಸೆನ್ಸರ್ ಹಾಕ್ಸಿ ಅಂದೆ, ಆಮೇಲ್ ನೋಡೋಣ ಅಂದ್ರು.”

ಅವನು ಅದನ್ನು ಏನೋ ಹವಾಮಾನದ ಸುದ್ದಿ ಹೇಳಿದಂತೆ ಹೇಳಿದ. ನಾನು ಈ ಗಾಡಿಯನ್ನು ಎಷ್ಟು ಸಲ ಅವನ ಹತ್ತಿರ ಆಯಿಲ್ ಬದಲಾಯಿಸಲು ತಂದಿದ್ದೆ. ಮೇಡಂ ಸ್ವಲ್ಪ ಕ್ಲಚ್ ನೋಡಿ ಬಿಡಿ ಎಂದು ಅವನೂ ಒಂದು ಸಲ ಬುದ್ಧಿ ಹೇಳಿದ್ದ. ಸೆನ್ಸರ್ ಈಗಲೇ ಹಾಕಿಕೊಡು ಎಂದೆ. ಮದುವೆ ಸೀಸನ್, ಗಾಡಿ ಬಿಟ್ಟು ಹೋಗಿ, ಸೋಮವಾರ ನೋಡುತ್ತೇನೆ ಎಂದ. ಭಾನುವಾರ ವ್ಯಾಪಾರಿ ಬರುತ್ತಾನೆ. ಹಾಗಾದರೆ ಹೇಗೆ ಬಿಚ್ಚುವುದು ಎಂದು ಹೇಳು, ನಾನೇ ಮಾಡಿಕೊಳ್ಳುತ್ತೇನೆ ಎಂದೆ. ನಕ್ಕ. ನನ್ನ ಮುಖ ನೋಡಿ ನಗು ನಿಲ್ಲಿಸಿ ಹೇಳಿಕೊಟ್ಟ. ಪಕ್ಕದ ಬೀದಿಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸೆನ್ಸರ್ ಸಿಕ್ಕಿತು. ಸಾರ್ ಬಂದಿಲ್ವಾ ಎಂದು ಅಂಗಡಿಯವನು ಕೇಳುತ್ತಿದ್ದಂತೆ ದುಡ್ಡು ಎಣಿಸಿಟ್ಟು ಹೊರಟೆ.

ಶಿವಮೊಗ್ಗದಿಂದ ಭದ್ರಾವತಿಯವರೆಗೆ ನಾನು ಏನು ಯೋಚಿಸಿದೆನೋ ಗೊತ್ತಿಲ್ಲ. ಮನೆ ಮುಂದೆ ನಿಲ್ಲಿಸಿ, ಸ್ಟೀರಿಂಗ್ ಪಕ್ಕದ ಡಬ್ಬಿ ತೆರೆದು, ಬೆಂಕಿಪೊಟ್ಟಣ ತೆಗೆದೆ. ಆಯುಧಪೂಜೆಯ ದಿನದ ಆ ಕುಟುಕುಟು ಸದ್ದು ಆಗ ನೆನಪಾಗಿತ್ತು. ಒಳಗೆ ಕಡಲೆಕಾಳಿನಷ್ಟು ಬಲ್ಬು, ಅದರ ಕಪ್ಪು ಹೋಲ್ಡರಿನ ಸಮೇತ.

ಮಾವ ವಾಕಿಂಗ್ ಹೋಗಿದ್ದರು. ಪೊಟ್ಟಣವನ್ನು ಗಂಡನ ಮುಂದೆ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು, ಸುಳ್ಳು ಹೇಳುವ ಪ್ರಯತ್ನವನ್ನೂ ಮಾಡಲಿಲ್ಲ. ಫೌಂಡ್ರಿಯಲ್ಲಿ ಅವರೆಲ್ಲ ಹೀಗೇ ಮಾಡುವುದಂತೆ. ಪ್ಯಾನೆಲ್ಲಿನಲ್ಲಿ ಯಾವುದಾದರೂ ದೀಪ ಆರದೆ ಉರಿಯುತ್ತಲೇ ಇದ್ದರೆ, ಬಂದವರೆಲ್ಲ ಏನದು, ಯಾಕದು ಎಂದು ಕೇಳುತ್ತಾರೆ. ಉತ್ತರ ಹೇಳಿ ಸಾಕಾಗುತ್ತದೆ. ಕುಲುಮೆ ಹೇಗೂ ನಡೆಯುತ್ತಿರುತ್ತದಲ್ಲ. ಅದಕ್ಕೆ ಬಲ್ಬು ತೆಗೆದು, ಬೆಂಕಿಪೊಟ್ಟಣದಲ್ಲಿ ಹಾಕಿ, ಪ್ಯಾನೆಲ್ಲಿನ ತಲೆಯ ಮೇಲೆ ಇಡುತ್ತಾರೆ. ದೊಡ್ಡವರು ಯಾರಾದರೂ ನೋಡಲು ಬರುವ ದಿನ ತಿರುಗಿ ಹಾಕುತ್ತಾರೆ. ಕಾರಿನಲ್ಲಿ ದೀಪ ಹತ್ತಿದಾಗ ಅಪ್ಪ ನೋಡಿದರೆ, ಹಳೇ ಗಾಡಿ ಬೇಡ ಅಂದಿರಲಿಲ್ಲವಾ ಎಂದು ಶುರುಮಾಡುತ್ತಾರೆ ಎಂದು ಹೆದರಿ, ಅಭ್ಯಾಸದ ಮೇಲೆ ಬಿಚ್ಚಿಟ್ಟರಂತೆ. ಆಮೇಲೆ ಮರೆತೇಹೋಯಿತಂತೆ.

ಮರೆಯಲಿಲ್ಲ, ಆಯುಧಪೂಜೆಯಲ್ಲಿ ನನ್ನ ಕೈಯಿಂದ ಕಿತ್ತುಕೊಂಡಿರಿ ಎಂದೆ. ದಿನಾ ಊಟಕ್ಕೆ ಕೂತಾಗ ನಿಮ್ಮಪ್ಪ ನನ್ನನ್ನು ಅನ್ನುವುದು ಕಿವಿಗೆ ಬೀಳುತ್ತಿರಲಿಲ್ಲವಾ ಎಂದು ಕೇಳಿದೆ. ಆಗ ಅವರು ಹೇಳಿದ ಮಾತನ್ನು ನಾನು ಒಂದಕ್ಷರ ಬಿಡದೆ ಬರೆಯಬಲ್ಲೆ.

“ನನಗಂದಿದ್ರೆ ಮನೇಲಿ ದೊಡ್ಡ ಗಲಾಟೆ ಆಗ್ತಿತ್ತು ಮಾರಾಯ್ತಿ. ನಿನಗಂದ್ರೆ ನೀನು ತಡ್ಕೋತೀಯಲ್ಲ.”

ನಾನು ತಡೆದುಕೊಳ್ಳುತ್ತೇನಂತೆ. ನನ್ನ ಅಂಗಾಲು, ನನ್ನ ಅಳು, ನನ್ನ ಎಲ್ ಬೋರ್ಡು, ಎಲ್ಲವೂ ಈ ಮನುಷ್ಯನಿಗೆ ಅಪ್ಪನ ಎದುರು ಒಂದು ಮಾತು ತಪ್ಪಿಸಿಕೊಳ್ಳುವ ದಾರಿ. ನಾನು ಕೂಗಲಿಲ್ಲ. ನಾಳೆ ಬೆಳಗ್ಗೆ ನಿಮ್ಮಪ್ಪನ ಎದುರಿಗೆ ಈ ಬಲ್ಬು ನೀವೇ ತಿರುಗಿ ಹಾಕಬೇಕು, ಹಾಕಿ ನಡೆದದ್ದನ್ನು ಹೇಳಬೇಕು ಎಂದೆ. ಆಯಿತು ಎಂದರು.

ಭಾನುವಾರ ಬೆಳಗ್ಗೆ ಮಾವ ಗೇಟಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಪೇಪರ್ ಹಿಡಿದು ಕೂತರು. ವ್ಯಾಪಾರಿ ಬರುವುದರೊಳಗೆ ಮಗ ಗಾಡಿ ರಿಪೇರಿ ಮಾಡುತ್ತಾನೆ ಎಂದು ಅವರಿಗೆ ಸಂತೋಷ. ನನ್ನ ಗಂಡ ಮೀಟರ್ ಬೋರ್ಡಿನ ಸ್ಕ್ರೂ ಬಿಚ್ಚಿ, ಅದನ್ನು ಮುಂದಕ್ಕೆ ಎಳೆದು, ಹಿಂದೆ ಕೈ ಹಾಕಿ ಬಲ್ಬನ್ನು ಅದರ ಜಾಗದಲ್ಲಿ ತಿರುವಿದರು. ಹುಡುಕಾಡಲಿಲ್ಲ, ಕತ್ತಲಲ್ಲೂ ಹಾಕಬಲ್ಲವರಂತೆ ಹಾಕಿದರು. ಎಂಜಿನ್ ಸ್ಟಾರ್ಟ್ ಮಾಡಿದೆ. ಕೆಂಪು ದೀಪಗಳೆಲ್ಲ ಆರಿದವು. ಹಳದಿ ಉರಿಯುತ್ತಲೇ ಉಳಿಯಿತು.

ಮಾವ ಎದ್ದು ಬಂದು ಕಿಟಕಿಯಲ್ಲಿ ಬಗ್ಗಿ ನೋಡಿದರು. ಇದೇನು ಹೊಸ ಲೈಟು, ಇನ್ನೇನು ಕೆಡಿಸಿದ್ದಾಳೆ ಎಂದು ಮಗನನ್ನು ಕೇಳಿದರು. ನಾನು ಕಾದೆ. ನನ್ನ ಗಂಡ ಸ್ಕ್ರೂಡ್ರೈವರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸಿಕೊಂಡು, “ಏನೋ ಲೂಸ್ ಕಾಂಟ್ಯಾಕ್ಟ್ ಇರ್ಬೇಕಪ್ಪ” ಎಂದರು.

ಆ ಹೊತ್ತಿಗೆ ನಾನು ಯಾಕೆ ಬಾಯಿ ತೆರೆಯಲಿಲ್ಲ ಎಂದು ನನ್ನ ತಂಗಿ ಇವತ್ತಿಗೂ ಕೇಳುತ್ತಾಳೆ. ನಾನು ಹೇಳಿದರೆ ಅದು ಸೊಸೆಯ ಚಾಡಿ ಆಗುತ್ತಿತ್ತು. ಅವರ ಬಾಯಿಂದ ಬಂದರೆ ಮಾತ್ರ ಅದು ನಿಜ ಆಗುತ್ತಿತ್ತು. ನಮ್ಮ ಮನೆಯ ಲೆಕ್ಕ ಹಾಗಿತ್ತು. ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿ, ಸ್ಪ್ಯಾನರ್ ಚೀಲ ಎತ್ತಿಕೊಂಡೆ. ಕೊಡು ನಾನು ಮಾಡುತ್ತೇನೆ ಎಂದು ಅವರು ಕೈ ಚಾಚಿದರು. ಮುಟ್ಟಿದರೆ ನೋಡಿ ಎಂದೆ.

ಎಂಜಿನ್ ಸ್ವಲ್ಪ ಬಿಸಿಯಾಗಿಯೇ ಇರಬೇಕು, ತಣ್ಣಗಾದರೆ ಸೆನ್ಸರ್ ಮಿಸುಕುವುದಿಲ್ಲ ಎಂದು ಮೆಕ್ಯಾನಿಕ್ ಹೇಳಿದ್ದ. ಬ್ಯಾಟರಿಯ ವೈರು ತೆಗೆದೆ. ಹೊಗೆ ಪೈಪಿನ ಮೇಲಿದ್ದ ತಗಡಿನ ಮುಚ್ಚಳ ಬಿಚ್ಚಿದೆ, ಅದರ ಒಂದು ಬೋಲ್ಟು ತುಕ್ಕಿಗೆ ಮುರಿದೇ ಬಂತು. ಕೆಳಗೆ ಸೆನ್ಸರ್, ಪೈಪಿಗೂ ಅದಕ್ಕೂ ಬೇರೆ ಬಣ್ಣವೇ ಇಲ್ಲದಂತೆ ತುಕ್ಕು ಹಿಡಿದು ಕೂತಿತ್ತು. ಬುಡಕ್ಕೆ ತುಕ್ಕು ಬಿಡಿಸುವ ಎಣ್ಣೆ ಹೊಡೆದೆ. ಬಿಸಿ ಪೈಪಿನ ಮೇಲೆ ಬಿದ್ದು ಹೊಗೆ ಎದ್ದು ಕಣ್ಣಿಗೆ ನುಗ್ಗಿತು. ಬಾಯಿ ತೆರೆದ ಸ್ಪ್ಯಾನರ್ ಹಾಕಿ ಎಳೆದರೆ ಜಾರಿ ಗೆಣ್ಣು ಹೋಗಿ ಕಬ್ಬಿಣಕ್ಕೆ ಬಡಿಯಿತು. ಚರ್ಮ ಕಿತ್ತು ಬಂತು.

ಎದುರು ಮನೆಯ ಕಂಡಕ್ಟರು ಬಂದು ನಿಂತರು. ಸ್ವಲ್ಪ ಹೊತ್ತಿಗೆ ಬೀದಿಯ ಇನ್ನೂ ಕೆಲವರು. ಬಾನೆಟ್ಟಿನೊಳಗೆ ತಲೆ ಹಾಕಿದ್ದವಳು ನಾನು, ಸ್ಪ್ಯಾನರ್ ಹಿಡಿದವಳು ನಾನು, ರಕ್ತ ನನ್ನ ಕೈಯಲ್ಲಿ. ಸಲಹೆಗಳೆಲ್ಲ ನನ್ನ ಗಂಡನಿಗೆ. ಸರ್, ಸುತ್ತಿಗೇಲಿ ಒಂದು ಏಟು ಕೊಡಿ. ಸರ್, ಎಡಕ್ಕೆ ತಿರುಗಿಸಿ. ಅವರು ಪಕ್ಕದಲ್ಲಿ ಟವಲ್ ಹಿಡಿದು ನಿಂತು ಹ್ಞೂಂ ಹ್ಞೂಂ ಎನ್ನುತ್ತಿದ್ದರು.

ಹಳೇ ಸೆನ್ಸರಿನ ವೈರನ್ನು ಕಟ್ಟಿಂಗ್ ಪ್ಲೇಯರಿನಲ್ಲಿ ಕತ್ತರಿಸಿ ಹಾಕಿದೆ. ಅದು ಹೇಗೂ ಸತ್ತದ್ದು, ವೈರು ಹೋದರೆ ರಿಂಗ್ ಸ್ಪ್ಯಾನರನ್ನು ಮೇಲಿನಿಂದ ತೊಡಿಸಬಹುದು, ಜಾರುವುದಿಲ್ಲ. ಸ್ಪ್ಯಾನರಿನ ಹಿಡಿಗೆ ಒಂದು ನೀರಿನ ಪೈಪಿನ ತುಂಡು ಸಿಕ್ಕಿಸಿ, ಬಂಪರಿಗೆ ಮೊಣಕಾಲು ಕೊಟ್ಟು, ವರ್ಷದ ಮೇಲೆ ಕೇಳಿದ ಮಾತನ್ನೆಲ್ಲ ನೆನೆಸಿಕೊಂಡು ಎಳೆದೆ. ಕಟ್ ಎಂದು ಸದ್ದಾಯಿತು. ಎಲ್ಲರೂ ಮುರಿಯಿತು ಎಂದುಕೊಂಡರು. ಮುರಿದಿರಲಿಲ್ಲ, ತಿರುಗಿತ್ತು. ಹೊರಗೆ ಬಂದದ್ದರ ಮೂತಿ ಕರಿಬಡಿದು, ಪಾತ್ರೆ ತಳದ ಹಾಗಿತ್ತು.

ಹೊಸದರ ತಿರುಪಿನ ಸುತ್ತುಗಳಿಗೆ ಮಾತ್ರ ತುಕ್ಕು ಹಿಡಿಯದ ಪೇಸ್ಟ್ ಸವರಿ, ಮೂತಿಗೆ ಬೆರಳು ತಾಕಿಸದೆ, ಕೈಯಲ್ಲೇ ಮೊದಲ ಸುತ್ತು ಕೂರಿಸಿ ಬಿಗಿದೆ. ವೈರು ಸಿಕ್ಕಿಸಿದೆ. ಬ್ಯಾಟರಿಯ ವೈರು ತಿರುಗಿ ಕೊಟ್ಟೆ. ಕೀ ತಿರುಗಿಸಿದರೆ ಹಳದಿ ಹತ್ತಿತು. ಸ್ಟಾರ್ಟ್ ಮಾಡಿದರೆ ಆರಿತು. ಎಂಜಿನ್ ಏರಲಿಲ್ಲ, ಇಳಿಯಲಿಲ್ಲ, ಒಂದೇ ಸಮ ಓಡಿತು.

ಎಲ್ಲರೂ ನನ್ನ ಗಂಡನ ಬೆನ್ನು ತಟ್ಟಿದರು. ಇದನ್ನು ನಾನು ಕಟ್ಟಿ ಹೇಳುತ್ತಿಲ್ಲ. ಕಂಡಕ್ಟರು ನಿಜವಾಗಿಯೂ ಅವರ ಬೆನ್ನು ತಟ್ಟಿ ಒಳ್ಳೇ ಕೆಲಸ ಮಾಡಿದಿರಿ ಸಾರ್ ಎಂದರು. ಮಾವ ನನ್ನ ಕಡೆ ತಿರುಗಿ, ಇನ್ನು ಕೈ ತೊಳೆದುಕೊಂಡು ಅಡುಗೆ ನೋಡು ಎಂದರು. ಈಗ ಗಾಡಿ ಚೆನ್ನಾಗಾಯಿತು, ವ್ಯಾಪಾರಿ ಕೊಸರಾಡುವುದಿಲ್ಲ ಎಂದೂ ಸೇರಿಸಿದರು. ಗಾಡಿ ಕೆಟ್ಟಿದ್ದರೂ ಮಾರಬೇಕು, ಸರಿಯಾದರೂ ಮಾರಬೇಕು.

ಮಧ್ಯಾಹ್ನ ವ್ಯಾಪಾರಿ ಬಂದ. ಬಿಳಿ ಪಂಚೆ, ಜೇಬಿನಲ್ಲಿ ಎಲೆ ಅಡಿಕೆ ಡಬ್ಬಿ, ನಮಸ್ಕಾರ ಟೀಚರಮ್ಮ ಎಂದು ಮರ್ಯಾದೆಯಾಗಿ ಮಾತಾಡಿಸಿದ. ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದು ಒಳಗೆ ಕೂತ. ನಾನು ಕಾಫಿ ಬೆರೆಸುತ್ತಿದ್ದಾಗ ಹಜಾರದಿಂದ ಮಾವನ ಮಾತು ಕೇಳುತ್ತಿತ್ತು. ಮಗನ ಕೈಯಲ್ಲಿದ್ದಾಗ ಹೂವಿನ ಥರ ಇತ್ತು, ಸೊಸೆ ಓಡಿಸಿ ಸ್ವಲ್ಪ ಕೆಡಿಸಿದ್ದಳು, ಇವತ್ತು ಮಗ ಕೂತು ರೆಡಿ ಮಾಡಿದ. ವ್ಯಾಪಾರಿ ನಕ್ಕು, ಲೇಡೀಸ್ ಓಡಿಸಿದ ಗಾಡಿ ಅಂದ್ರೆ ಹಂಗೇ ಅಲ್ವಾ ಎಂದ.

ಖಾಲಿ ಬೆಂಕಿಪೊಟ್ಟಣ ನನ್ನ ಹತ್ತಿರವೇ ಇತ್ತು. ಬೆಳಗ್ಗೆ ಬಲ್ಬು ತೆಗೆದಮೇಲೆ ಕಾರಿನ ಸೀಟಿನ ಮೇಲಿಂದ ಎತ್ತಿಟ್ಟುಕೊಂಡಿದ್ದೆ. ಕಾಫಿ ತಟ್ಟೆಯಲ್ಲಿ ಗಂಡನ ಲೋಟದ ಪಕ್ಕ ಅದನ್ನು ಇಟ್ಟೆ. ಹಜಾರಕ್ಕೆ ಹೋಗಿ ಮಾವನಿಗೆ ಕೊಟ್ಟೆ, ವ್ಯಾಪಾರಿಗೆ ಕೊಟ್ಟೆ, ಉಳಿದ ಲೋಟವನ್ನೂ ಪೊಟ್ಟಣವನ್ನೂ ತಟ್ಟೆಯ ಸಮೇತ ಗಂಡನ ಮುಂದಿನ ಟೀಪಾಯಿಯ ಮೇಲೆ ಇಟ್ಟು, ಒಳಗೆ ಹೋಗದೆ ಅಲ್ಲೇ ಗೋಡೆಗೆ ಒರಗಿ ನಿಂತೆ. ಗಂಡಸರು ವ್ಯವಹಾರ ಮಾತಾಡುವಾಗ ನಾನು ಹಾಗೆ ನಿಂತವಳಲ್ಲ. ಮಾವ ಒಂದು ಸಲ ನೋಡಿದರು.

ವ್ಯಾಪಾರಿ ಬೀಡಿ ಹಚ್ಚಲು ಇಟ್ಟಿದ್ದಾರೆ ಎಂದುಕೊಂಡನೋ ಏನೋ, ಪೊಟ್ಟಣ ಎತ್ತಿ ಅಲ್ಲಾಡಿಸಿದ. ಖಾಲಿ ಎಂದು ತಿರುಗಿ ಇಟ್ಟ. ನನ್ನ ಗಂಡ ಅದನ್ನೇ ನೋಡುತ್ತಿದ್ದರು. ಕಾಫಿಯ ಮೇಲೆ ಕೆನೆ ಕಟ್ಟುವವರೆಗೆ ನೋಡಿದರು. ನಾನು ಕಣ್ಣು ತೆಗೆಯಲಿಲ್ಲ.

“ಅವಳು ಕೆಡ್ಸಿದ್ದಲ್ಲ,” ಎಂದರು ಕೊನೆಗೆ. ವ್ಯಾಪಾರಿಗೆ ಹೇಳಿದರೋ, ಅಪ್ಪನಿಗೆ ಹೇಳಿದರೋ, ಪೊಟ್ಟಣಕ್ಕೆ ಹೇಳಿದರೋ. “ನಾನು ಓಡಿಸ್ತಿದ್ದಾಗ್ಲೇ ಕೆಟ್ಟಿತ್ತು. ಲೈಟ್ ಬರ್ತಿತ್ತು, ಬಲ್ಬ್ ತೆಗೆದಿಟ್ಟೋನು ನಾನೇ. ಇವತ್ತು ರಿಪೇರಿ ಮಾಡಿದ್ದೂ ಅವಳೇ. ಗಾಡಿ ಮಾರಲ್ಲ.”

ನಾನು ಮಾವನ ಮುಖ ನೋಡಿದೆ. ನಾಚಿಕೆ ಕಾಣುತ್ತದೆ ಎಂದುಕೊಂಡಿದ್ದೆ, ಕಡೇಪಕ್ಷ ಮಗನ ಮೇಲೆ ಸಿಟ್ಟು. ಮಾವ ಪೊಟ್ಟಣವನ್ನು ನೋಡಿ ಹೊಟ್ಟೆ ಕುಲುಕಿಸಿ ನಕ್ಕರು. ಬೆಂಕಿಪೊಟ್ಟಣದಲ್ಲಿ ಇಡುವುದನ್ನು ಇವನಿಗೆ ಕಲಿಸಿದ್ದೇ ನಾನು ಎಂದು ವ್ಯಾಪಾರಿಗೆ ವಿವರಿಸತೊಡಗಿದರು. ಅವರ ಕಾಲದಲ್ಲಿ ಪ್ಯಾನೆಲ್ಲಿನ ಮೇಲೆ ಅಂಥ ಪೊಟ್ಟಣಗಳ ಸಾಲೇ ಇತ್ತಂತೆ. ವ್ಯಾಪಾರಿಯೂ ನಕ್ಕ. ನನ್ನ ಗಂಡನ ಮುಖಕ್ಕೂ ಮೆಲ್ಲಗೆ ನಗು ಬಂತು, ದೊಡ್ಡ ಗಂಡಾಂತರ ಇಷ್ಟು ಸುಲಭವಾಗಿ ಕಳೆಯಿತಲ್ಲ ಎಂಬ ನಗು. ಇದಕ್ಕೇ ಹೆದರಿ ಅವರು ಒಂದು ವರ್ಷಕ್ಕೂ ಮೇಲೆ ನನ್ನನ್ನು ಮುಂದೆ ನಿಲ್ಲಿಸಿದ್ದರು. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದೆ. ಗಂಡನದ್ದನ್ನು ಅವರು ಕುಡಿಯುವ ಮೊದಲೇ ಎತ್ತಿಕೊಂಡೆ.

ನಿನ್ನನ್ನು ಅಂದದ್ದು ತಪ್ಪಾಯಿತು ಎಂದು ಮಾವ ಹೇಳಲಿಲ್ಲ, ಅವತ್ತೂ ಇಲ್ಲ, ಆಮೇಲೂ ಇಲ್ಲ. ಹೂವಿನ ಥರ ಇತ್ತು ಎಂಬ ಮಾತು ಮಾತ್ರ ನಿಂತುಹೋಯಿತು. ಬೆಂಕಿಪೊಟ್ಟಣದ ಸುದ್ದಿ ಅವರ ಬಾಯಲ್ಲಿ ನೆಂಟರಿಗೆ ಹೇಳುವ ತಮಾಷೆಯಾಯಿತು. ಅದರಲ್ಲಿ ನಾನು ಎಲ್ಲೂ ಬರುತ್ತಿರಲಿಲ್ಲ.

ಸೋಮವಾರ ಬೆಳಗ್ಗೆ ನನ್ನ ಗಂಡ ಗೇಟು ತೆರೆಯಲು ತಾವೇ ಬಂದು ನಿಂತರು. ಕೇಳದೆ ಅವರು ಬಂದದ್ದು ಅದೇ ಮೊದಲು. ನಾನು ಕಾರಿನಲ್ಲಿ ಕೂತು, ಅಭ್ಯಾಸದ ಮೇಲೆ ಚಪ್ಪಲಿ ಬಿಡಲು ಬಗ್ಗಿದವಳು, ಹಾಗೇ ನೆಟ್ಟಗೆ ಕೂತೆ. ಚಪ್ಪಲಿ ಕಾಲಿನಲ್ಲೇ ಕ್ಲಚ್ ಒತ್ತಿ ಕೀ ತಿರುಗಿಸಿದೆ. ಹಳದಿ ದೀಪ ಹತ್ತಿ, ಆರಿತು. ಅವರು ಕಿಟಕಿಯ ಹತ್ತಿರ ಬಗ್ಗಿ, ಲೈಟ್ ಆರಿತಲ್ಲ, ಇನ್ನಾದರೂ ಮುಖ ಊದಿಸಿಕೊಳ್ಳಬೇಡ ಎಂದು ಏನೋ ಹೇಳತೊಡಗಿದರು. ನಾನು ಗಾಜು ಏರಿಸಿಕೊಂಡು ಹೊಳೆಹೊನ್ನೂರಿನ ಕಡೆ ಹೊರಟೆ.